ಜಂಟಿ ವರಸೆ ತಡೆಯುವ ಗಿಟಾರ್

ಮೂರು ವಾರದ ಹಿಂದೆ ಮೈಸೂರಿನಿಂದ ಅಣ್ಣನ ಮಗ ಫೋನ್ ಮಾಡಿದ. ನಾನಿರುವ ಕ್ಯಾಲಿಫೋರ್ನಿಯಾದ ಆರೆಂಜ್ ಕೌಂಟಿಯಲ್ಲಿ ಆಗ ರಾತ್ರಿ 10 ಗಂಟೆ. ಅವನಿಗೆ ಮಾರನೇ ಬೆಳಿಗ್ಗೆ 10.30. "ಅತ್ತೆ, ಒಂದೇ ಒಂದು ಪ್ರಶ್ನೆ. ಹಳೇ ಸರ್ಫ್ ಮ್ಯೂಸಿಕ್ ನುಡಿಸ್ಬೇಕು ಅಂದ್ರೆ ಯಾವ ಗಿಟಾರ್ ತಗೋಬೇಕು?" ಎಂದ. ಸರ್ಫ್ ಮ್ಯೂಸಿಕ್ ಅಂದರೆ 1960ರ ದಶಕದ ಶುರುವಿನಲ್ಲಿ ಇಲ್ಲಿನ ಸಮುದ್ರದ ಪಕ್ಕದ ಹುಡುಗರು ಕಟ್ಟಿದ ಗಿಟಾರ್ ಸಂಗೀತ. ರಜೆಯಲ್ಲಿ ಮುಲ್ಕಿಗೆ ಹೋಗಿ ಅಲೆಯ ಮೇಲೆ ಹಲಗೆ ಹಾಕಿ ನಿಲ್ಲುವುದನ್ನು ಕಲಿತು ಬಂದಿದ್ದಾನೆ. ಅಲ್ಲಿ ಯಾರದೋ ಫೋನಿನಲ್ಲಿ 'ಮಿಸರ್ಲೂ' ಎಂಬ ಸರ್ಫ್ ಹಾಡು ಕೇಳಿದ್ದಾನೆ. ಹುಚ್ಚು ಹಿಡಿದಿದೆ. ನಾನು ಅಡುಗೆಮನೆ ಕಟ್ಟೆ ಒರೆಸುತ್ತಿದ್ದೆ. ಕೈ ನಿಲ್ಲಿಸದೆ "ಜಾಝ್‌ಮಾಸ್ಟರ್ ತಗೋ, ಕಣ್ಣು ಮುಚ್ಚಿಕೊಂಡು ತಗೋ" ಎಂದುಬಿಟ್ಟೆ. ಅವನು ಖುಷಿಯಾಗಿ ಫೋನಿಟ್ಟ. ನನಗೆ ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಹೇಳಿದ್ದು ಸುಳ್ಳಲ್ಲ. ಆದರೆ ಅರ್ಧ ಮಾತ್ರ ಹೇಳಿದ್ದೆ. ಅದೇ ಅರ್ಧ ಉತ್ತರ ಹಲವು ವರ್ಷದ ಹಿಂದೆ ನನಗೂ ಸಿಕ್ಕಿತ್ತು. ಅದನ್ನು ನಂಬಿ ಎರಡು ವರ್ಷ ಕಳೆದುಕೊಂಡೆ. ಅವನ ಹತ್ತಿರ ಇರುವುದು ಒಂದು ಗಿಟಾರಿಗೆ ಆಗುವಷ್ಟು ದುಡ್ಡು. ಅದೂ ಅವನೇ ಕೂಡಿಸಿದ್ದು. ಹಾಗಾಗಿ ಫೋನಿನಲ್ಲಿ ಬಿಟ್ಟುಹೋದ ಉಳಿದರ್ಧವನ್ನು ಇಲ್ಲಿ ಕೂತು ಬರೆಯುತ್ತಿದ್ದೇನೆ. ಇದೇ ಪ್ರಶ್ನೆ ಇಟ್ಟುಕೊಂಡ ಬೇರೆಯವರೂ ಇರಬಹುದು, ಅಲ್ವಾ.

ನನಗೆ ಗೊತ್ತಿದ್ದ ರಾಗ

ನಾನು ಗಿಟಾರಿಗೆ ಬಂದದ್ದು ವೀಣೆಯಿಂದ. ಮೈಸೂರಿನಲ್ಲಿ ನಮ್ಮ ಮನೆಯಿಂದ ಎರಡು ಬೀದಿ ದಾಟಿದರೆ ಟೀಚರ್ ಮನೆ. ಸಂಜೆ 5 ಗಂಟೆಗೆ ಹೋಗಿ ಚಾಪೆ ಮೇಲೆ ಕೂರಬೇಕು. ಟೀಚರ್ ಒಳಗೆ ಹುರುಳಿಕಾಯಿ ಬಿಡಿಸುತ್ತಲೇ ನಮ್ಮ ಪಾಠ ಕೇಳುತ್ತಿದ್ದರು. ಸರಳೆ ವರಸೆ ಮುಗಿದ ಮೇಲೆ ಜಂಟಿ ವರಸೆ. ಸಸ ರಿರಿ ಗಗ ಮಮ. ಕರ್ನಾಟಕ ಸಂಗೀತ ಕಲಿತ ಮಕ್ಕಳೆಲ್ಲ ಇದನ್ನು ದಾಟಿಯೇ ಬಂದಿರುತ್ತಾರೆ. ಪುರಂದರದಾಸರು ಹಾಕಿಕೊಟ್ಟ ದಾರಿ ಅಂತ ಹೇಳುತ್ತಾರೆ, ರಾಗ ಮಾಯಾಮಾಳವಗೌಳ. ಒಂದೊಂದು ಸ್ವರವನ್ನೂ ಎರಡೆರಡು ಸಲ ಮೀಟಬೇಕು. ಎರಡನೆಯದು ಮೊದಲನೆಯದಕ್ಕಿಂತ ಸೊರಗಬಾರದು. ನಾನು ಯಾವಾಗಲೂ ಎರಡನೆಯದನ್ನು ಮೆಲ್ಲಗೆ ಮೀಟುತ್ತಿದ್ದೆ. ಒಳಗಿನಿಂದ "ಎರಡನೇದು ಎಲ್ಲಿ ಹೋಯ್ತು?" ಅಂತ ಟೀಚರ್ ದನಿ ಬರುತ್ತಿತ್ತು. ಮೈಸೂರು ಬಾನಿಯಲ್ಲಿ ಮೀಟಿಗೆ ಬೆಲೆ ಜಾಸ್ತಿ. ಪ್ರತಿ ಮೀಟು ಬೇರೆ ಬೇರೆಯಾಗಿ, ಸ್ಪಷ್ಟವಾಗಿ ಕೇಳಬೇಕು.

ಇಲ್ಲಿಗೆ ಬಂದ ಮೇಲೆ ಒಂದು ದಿನ ಕಾರಿನ ರೇಡಿಯೋದಲ್ಲಿ ಡಿಕ್ ಡೇಲ್ ನುಡಿಸಿದ 'ಮಿಸರ್ಲೂ' ಬಂತು. ಸಮುದ್ರದ ಪಕ್ಕದ ರಸ್ತೆ. ಮೊದಲ ಸಾಲು ಮುಗಿಯುವ ಮುಂಚೆಯೇ ಕಾರನ್ನು ಪಕ್ಕಕ್ಕೆ ನಿಲ್ಲಿಸಿದೆ. ಶುದ್ಧ ರಿಷಭ, ಅಂತರ ಗಾಂಧಾರ, ಶುದ್ಧ ಮಧ್ಯಮ, ಶುದ್ಧ ಧೈವತ, ಕಾಕಲಿ ನಿಷಾದ. ಎಲ್ಲವೂ ನನ್ನ ಚಾಪೆ ಮೇಲಿನ ಸ್ವರಗಳೇ. ಅದೂ ಸುಮ್ನೆ ಒಂದೊಂದಾಗಿ ಅಲ್ಲ. ಒಂದೊಂದು ಸ್ವರವನ್ನೂ ಮತ್ತೆ ಮತ್ತೆ ಮೀಟುತ್ತಾ, ಜಂಟಿ ವರಸೆಯನ್ನು ಮೂರನೇ ಕಾಲಕ್ಕೂ ಮೇಲೆ ಓಡಿಸಿದ ಹಾಗೆ. ಕಣ್ಣಲ್ಲಿ ನೀರು ಬಂತು. ಊರು ಬಿಟ್ಟು ಆಗ ನಾಲ್ಕು ವರ್ಷ ಆಗಿತ್ತು.

ಆಮೇಲೆ ಹುಡುಕಿ ಓದಿದೆ. ಡಿಕ್ ಡೇಲ್ ಹುಟ್ಟುಹೆಸರು ರಿಚರ್ಡ್ ಮನ್ಸೂರ್. 1937ರಲ್ಲಿ ಬಾಸ್ಟನ್ನಿನಲ್ಲಿ ಹುಟ್ಟಿದವರು. ತಂದೆಯ ಕಡೆಯವರು ಲೆಬನಾನಿನವರು. ಚಿಕ್ಕಪ್ಪ ಊದ್ ಎಂಬ ತಂತಿವಾದ್ಯ ನುಡಿಸುತ್ತಿದ್ದರು, ಇವರು ಜೊತೆಗೆ ತರಬಕಿ ಎಂಬ ಕೈವಾದ್ಯ ಬಾರಿಸುತ್ತಿದ್ದರು. 'ಮಿಸರ್ಲೂ' ಪೂರ್ವ ಮೆಡಿಟರೇನಿಯನ್ ಕಡೆಯ ಹಳೆಯ ಹಾಡು. 1920ರ ದಶಕದಲ್ಲೇ ಗ್ರೀಕ್ ಭಾಷೆಯಲ್ಲಿ ಅದರ ರೆಕಾರ್ಡ್ ಬಂದಿತ್ತು. ಆ ಕಡೆಯವರು ಈ ಸ್ವರಗಳ ಸಾಲನ್ನು ಹಿಜಾಜ್ ಕಾರ್ ಅನ್ನುತ್ತಾರೆ, ನಾವು ಮಾಯಾಮಾಳವಗೌಳ ಅನ್ನುತ್ತೇವೆ. ಒಂದೇ ತಂತಿಯ ಮೇಲೆ ಇಡೀ ಹಾಡು ನುಡಿಸಲು ಆಗುತ್ತಾ ಅಂತ ಒಬ್ಬ ಹುಡುಗ ಕೇಳಿದಾಗ ಚಿಕ್ಕಪ್ಪ ನುಡಿಸುತ್ತಿದ್ದ ಈ ಹಾಡು ನೆನಪಾಯಿತಂತೆ. ಅದನ್ನೇ ವೇಗವಾಗಿ ಓಡಿಸಿ 1962ರಲ್ಲಿ ರೆಕಾರ್ಡ್ ಮಾಡಿದರು. ಮೀಟುವ ಕೈಯ ಆ ಓಟ ತರಬಕಿಯ ಬಡಿತದಿಂದ ಬಂದದ್ದು ಅಂತ ಅವರೇ ಹೇಳುತ್ತಿದ್ದರು.

ಗಿಟಾರ್ ಆರಿಸುವ ಮಾತಿಗೆ ಇದೆಲ್ಲ ಯಾಕೆ ಅಂದರೆ, ಸರ್ಫ್ ಸಂಗೀತದ ಜೀವ ಇರುವುದು ಬಲಗೈಯಲ್ಲಿ. ತಂತಿಗೆ ಬೀಳುವ ಏಟು ಜೋರು. ಬಿಡುವಿಲ್ಲ. ಆ ಏಟನ್ನು ತಡೆಯುವ ಗಿಟಾರ್ ಬೇಕು. ಇಷ್ಟು ಗೊತ್ತಿದ್ದಿದ್ದರೆ ನಾನು ಅಂಗಡಿಯಲ್ಲಿ ಮೋಸ ಹೋಗುತ್ತಿರಲಿಲ್ಲ.

ಹಾರಿದ ತಂತಿ

ಅಂಗಡಿಗೆ ಹೋಗುವಾಗ ನನಗೆ ಗೊತ್ತಿದ್ದದ್ದು ಒಂದೇ ಹೆಸರು, ಜಾಝ್‌ಮಾಸ್ಟರ್. ಇಲ್ಲಿಂದ ಅರ್ಧ ಗಂಟೆ ದೂರದ ಫುಲರ್ಟನ್‌ನಲ್ಲಿ ಲಿಯೋ ಫೆಂಡರ್ 1958ರಲ್ಲಿ ತಂದ ಗಿಟಾರ್. ಹೆಸರೇ ಹೇಳುವ ಹಾಗೆ ಅದನ್ನು ಮಾಡಿದ್ದು ಜಾಝ್ ನುಡಿಸುವವರಿಗೆ. ಅವರು ತಮ್ಮ ಹಳೆಯ ಪೊಳ್ಳು ಗಿಟಾರುಗಳನ್ನು ಬಿಟ್ಟು ಬರಲಿಲ್ಲ. ಕೈಗೆತ್ತಿಕೊಂಡದ್ದು ಸಮುದ್ರದ ಪಕ್ಕದ ಹೈಸ್ಕೂಲು ಹುಡುಗರು.

ಗೋಡೆಯಿಂದ ಒಂದು ಜಾಝ್‌ಮಾಸ್ಟರ್ ಇಳಿಸಿ ಕೊಟ್ಟರು. ತೊಡೆ ಮೇಲೆ ಎಷ್ಟು ಚೆನ್ನಾಗಿ ಕೂತಿತು! ಮೈ ಓರೆಯಾಗಿದೆ, ಬಲಗೈ ತಾನಾಗಿಯೇ ಜಾಗ ಹುಡುಕಿಕೊಂಡಿತು. ದಪ್ಪ ತಂತಿಯ ಮೇಲೆ 'ಮಿಸರ್ಲೂ' ಶುರು ಮಾಡಿದೆ. ನಾಲ್ಕು ಸ್ವರ ದಾಟಿರಲಿಲ್ಲ, ತಂತಿ ತನ್ನನ್ನು ಎತ್ತಿ ಹಿಡಿಯುವ ಬ್ರಿಡ್ಜಿನ ಮೇಲಿದ್ದ ಗಾಡಿಯಿಂದ, ಅಂದರೆ ತಾನು ಕೂರುವ ಸೀಳಿನಿಂದ, ಹಾರಿ ಪಕ್ಕಕ್ಕೆ ಜಾರಿತು. ಬೆರಳಿನಿಂದ ಎತ್ತಿ ಮತ್ತೆ ಕೂರಿಸಿದೆ. ಮತ್ತೆ ಹಾರಿತು. ಜೊತೆಗೆ ಎಲ್ಲಿಂದಲೋ ಗೊರಗೊರ ಸದ್ದು. ಅಂಗಡಿಯವರು ಬಂದು ನೋಡಿ, ಈ ಗಿಟಾರಿನ ಹಣೆಬರಹವೇ ಇಷ್ಟು ಅನ್ನುವ ರೀತಿ ಮಾತಾಡಿದರು. ಬ್ರಿಡ್ಜ್ ಡಿಸೈನೇ ತಪ್ಪು, ಬದಲಿಸಬೇಕು, ಇಲ್ಲದಿದ್ದರೆ ಸ್ಟ್ರಾಟೋಕ್ಯಾಸ್ಟರ್ ತಗೊಳ್ಳಿ ಎಂದರು. ಸ್ಟ್ರಾಟೋಕ್ಯಾಸ್ಟರ್ ತಗೊಂಡು ಬಂದೆ. ಒಳ್ಳೆಯ ಗಿಟಾರೇ. ಆದರೆ ಮನೆಯಲ್ಲಿ ಜೋರಾಗಿ ಮೀಟಿದಾಗ ಪ್ರತಿ ಸ್ವರವೂ ಮೊದಲ ಕ್ಷಣ ಸ್ವಲ್ಪ ಮೇಲೆ ಹೋಗಿ ಆಮೇಲೆ ಶ್ರುತಿಗೆ ಇಳಿಯುತ್ತಿತ್ತು. ತಂತಿ ರಬ್ಬರಿನ ಹಾಗೆ ಆಡುತ್ತಿತ್ತು. ವೀಣೆ ಕೇಳಿ ಬೆಳೆದ ಕಿವಿಗೆ ಅದನ್ನು ಸಹಿಸಲು ಆಗಲ್ಲ. ನನ್ನ ಕೈಯೇ ಸರಿಯಿಲ್ಲ ಅಂದುಕೊಂಡೆ. ಮೆಲ್ಲಗೆ ಮೀಟಲು ಶುರು ಮಾಡಿದೆ. ಮೆಲ್ಲಗೆ ಮೀಟಿದರೆ ಅದು ಸರ್ಫ್ ಆಗಿ ಉಳಿಯಲ್ಲ. ಎರಡು ವರ್ಷ ಹೀಗೇ ಹೋಯಿತು.

ಎರಡೂ ಗಿಟಾರಿನಲ್ಲಿ ಒಂದೇ ವಸ್ತು ನನ್ನನ್ನು ಸೋಲಿಸಿತ್ತು. ಅದು ತಂತಿ. ಇವತ್ತು ಬಹಳಷ್ಟು ಅಂಗಡಿಗಳಲ್ಲಿ ಎಲೆಕ್ಟ್ರಿಕ್ ಗಿಟಾರಿಗೆ ಹಾಕಿಟ್ಟಿರುವುದು 9ರ ಸೆಟ್ಟು. ಅಂದರೆ ಅತಿ ತೆಳುವಾದ ತಂತಿ 0.009 ಇಂಚು ದಪ್ಪ. ಬೆರಳಿಗೆ ಹಿತ. ಆದರೆ ಆ ಗಿಟಾರ್ ಹುಟ್ಟಿದ ಕಾಲದಲ್ಲಿ ಅಷ್ಟು ತೆಳು ತಂತಿ ಯಾರ ಲೆಕ್ಕದಲ್ಲೂ ಇರಲಿಲ್ಲ.

ಗ್ಯಾರೇಜಿನ ಜಾಗ್ವಾರ್

ಇದನ್ನು ನನಗೆ ಕಲಿಸಿದವರು ನಮ್ಮ ಬೀದಿಯಲ್ಲಿದ್ದ ಒಬ್ಬ ಹಿರಿಯರು. ಆಗ ಅವರಿಗೆ 70 ದಾಟಿತ್ತು. ಶನಿವಾರ ಗ್ಯಾರೇಜ್ ಬಾಗಿಲು ತೆಗೆದು ಹಳೆಯ ಸಾಮಾನು ಜೋಡಿಸುತ್ತಿದ್ದರು. ನಾನು ವಾಕಿಂಗ್ ಮುಗಿಸಿ ಬರುತ್ತಿದ್ದೆ. ಮೂಲೆಯಲ್ಲಿ ಒಂದು ಜಾಗ್ವಾರ್ ಒರಗಿತ್ತು. ಫೆಂಡರ್ 1962ರಲ್ಲಿ ತಂದ ಮಾದರಿ. ಬಣ್ಣ ಮಾಸಿ ಹೋಗಿತ್ತು. ನಿಂತು ನೋಡಿದೆ. "ನುಡಿಸುತ್ತೀಯಾ?" ಎಂದು ಕೇಳಿ ನನ್ನ ಉತ್ತರಕ್ಕೂ ಕಾಯದೆ ತೆಗೆದು ಕೊಟ್ಟರು.

ಕೈಗೆ ತೆಗೆದುಕೊಂಡ ಕೂಡಲೇ ಗೊತ್ತಾಯಿತು, ಇದು ಬೇರೆ ಪ್ರಾಣಿ. ತಂತಿಗಳು ನುಣುಪಾಗಿದ್ದವು, ದಪ್ಪಗಿದ್ದವು. ಮೂರನೇ ತಂತಿಗೂ ಲೋಹದ ಎಳೆಯ ಸುತ್ತು ಇತ್ತು. ಅಭ್ಯಾಸಬಲದಿಂದ ಅದನ್ನು ಪಕ್ಕಕ್ಕೆ ಎಳೆದು ಸ್ವರ ಏರಿಸಲು ನೋಡಿದೆ. ಜಗ್ಗಲಿಲ್ಲ. ಅವರು ತಲೆ ಅಲ್ಲಾಡಿಸಿ ನನ್ನ ಎಡಗೈ ತೋರಿಸಿ, ಕೆಲಸ ಅಲ್ಲಿಲ್ಲ ಎಂದರು. ಆಮೇಲೆ ಬಲಗೈ ಬಳಿ ಇದ್ದ ಉದ್ದನೆಯ ಕಡ್ಡಿ ತೋರಿಸಿದರು, ಟ್ರೆಮೊಲೋ ಆರ್ಮ್. ಒಂದು ಸಾಲು ನುಡಿಸಿ, ಕೊನೆಯ ಸ್ವರ ಹಿಡಿದು, ಆ ಕಡ್ಡಿಯನ್ನು ಮೆತ್ತಗೆ ಒತ್ತಿ ಬಿಟ್ಟೆ. ಸ್ವರ ಅಲೆಯ ಹಾಗೆ ಬಾಗಿ ಮತ್ತೆ ಎದ್ದು ನಿಂತಿತು.

ಆ ಕ್ಷಣ ನನಗೆ ಎಷ್ಟೋ ಅರ್ಥವಾಯಿತು. ವೀಣೆಯಲ್ಲಿ ಗಮಕ ಬರುವುದು ಎಡಗೈಯಿಂದ, ತಂತಿಯನ್ನು ಮೆಟ್ಟಿಲ ಮೇಲೆ ಎಳೆದು. ಆಮೇಲಿನ ರಾಕ್ ಗಿಟಾರಿನವರೂ ಎಡಗೈಯಿಂದಲೇ ಎಳೆಯುತ್ತಾರೆ, ಅದಕ್ಕೇ ಅವರಿಗೆ ತೆಳು ತಂತಿ ಬೇಕಾಯಿತು. ಸರ್ಫ್ ಗಿಟಾರಿನಲ್ಲಿ ಎಡಗೈ ನೆಟ್ಟಗೆ ಸ್ವರ ಹಿಡಿದು ನಿಲ್ಲುತ್ತದೆ. ಬಾಗಿಸುವ ಕೆಲಸ ಕಡ್ಡಿಯದು. ದಪ್ಪ ತಂತಿ, ಜೋರು ಮೀಟು, ಕೊನೆಗೆ ಕಡ್ಡಿ. ಮೂರೂ ಒಂದಕ್ಕೊಂದು ಹೊಂದಿಕೊಂಡು ಹುಟ್ಟಿದವು. ಒಂದನ್ನು ತೆಗೆದರೆ ಉಳಿದೆರಡೂ ಕುಂಟುತ್ತವೆ.

ಅಂಗಡಿಯವರು ತಪ್ಪು ಡಿಸೈನ್ ಅಂದ ಬ್ರಿಡ್ಜೂ ಇದೇ ಲೆಕ್ಕಕ್ಕೆ ಸೇರಿದ್ದು. ಬ್ರಿಡ್ಜನ್ನು ವೀಣೆಯವರು ಕುದುರೆ ಅನ್ನುತ್ತೇವೆ. ಜಾಝ್‌ಮಾಸ್ಟರ್, ಜಾಗ್ವಾರ್ ಎರಡರಲ್ಲೂ ಕುದುರೆಯ ಕಾಲುಗಳು ಎರಡು ಗುಳಿಗಳಲ್ಲಿ ಸಡಿಲವಾಗಿ ನಿಂತಿರುತ್ತವೆ. ಕಡ್ಡಿ ಒತ್ತಿದಾಗ ತಂತಿ ಮುಂದಕ್ಕೆ ಹಿಂದಕ್ಕೆ ಚಲಿಸುತ್ತದೆ. ಕುದುರೆಯೂ ತಂತಿಯ ಜೊತೆಗೇ ವಾಲುತ್ತದೆ. ತಂತಿ ಉಜ್ಜುವುದಿಲ್ಲ, ಹಾಗಾಗಿ ಶ್ರುತಿಗೆ ವಾಪಸ್ ಬರುತ್ತದೆ. ತುಂಬಾ ಚಂದದ ಯೋಚನೆ ಇದು. ತಂತಿಯ ತುದಿ ಸಿಕ್ಕಿಸುವ ಜಾಗ ಕುದುರೆಯಿಂದ ಹಲವು ಇಂಚು ಹಿಂದಿದೆ. ಹಾಗಾಗಿ ತಂತಿ ಕುದುರೆಯ ಮೇಲೆ ಸ್ವಲ್ಪವೇ ಬಾಗಿ ಹೋಗುತ್ತದೆ. ತಂತಿ ದಪ್ಪಗಿದ್ದರೆ ಅದೇ ಶ್ರುತಿಗೆ ಬಿಗಿತ ಜಾಸ್ತಿ ಬೇಕು. ಆ ಬಿಗಿತವೇ ತಂತಿಯನ್ನು ಗಾಡಿಯಲ್ಲಿ ಒತ್ತಿ ಹಿಡಿಯುತ್ತದೆ. ತೆಳು ತಂತಿ ಹಾಕಿದರೆ ಹಿಡಿಯುವ ಶಕ್ತಿ ಇಲ್ಲ. ಗಾಡಿಗಳೂ ಆಳ ಇಲ್ಲ, ಸ್ಕ್ರೂವಿನ ಮೇಲಿನ ಗೆರೆಗಳಷ್ಟೇ. ಏಟು ಬಿದ್ದ ಕೂಡಲೇ ತಂತಿ ಹಾರುತ್ತದೆ. ಕುದುರೆಯ ಹಿಂದೆ ಉಳಿದ ಆ ತುಂಡು ತಂತಿಯೂ ಸಣ್ಣಗೆ ಮಿಡಿಯುತ್ತದೆ. ಆ ಕಾಲದ ರೆಕಾರ್ಡುಗಳಲ್ಲಿ ಸ್ವರದ ಸುತ್ತ ಒಂದು ಲೋಹದ ಹೊಗೆ ಇರುತ್ತದಲ್ಲ, ಅದರಲ್ಲಿ ಇದರ ಪಾಲೂ ಇದೆ.

ದಪ್ಪ ಅಂದರೆ ಎಷ್ಟು ದಪ್ಪ? 1960ರ ದಶಕದ ಶುರುವಿನಲ್ಲಿ ಇಲ್ಲಿ ಜಾಸ್ತಿ ಮಾರಾಟವಾಗುತ್ತಿದ್ದ ಫೆಂಡರ್ ಸೆಟ್ಟಿನಲ್ಲಿ ಮೂರನೇ ತಂತಿ 0.029 ಇಂಚು. ಲಾಸ್ ಏಂಜಲೀಸ್ ಕಡೆ ಅಂಗಡಿ ಇಟ್ಟಿದ್ದ ಎರ್ನಿ ಬಾಲ್ ಎಂಬವರು, ಕಲಿಯುವ ಮಕ್ಕಳಿಗೆ ಅದನ್ನು ಒತ್ತಲು ಕಷ್ಟ ಅಂತ ನೋಡಿ ತೆಳು ಸೆಟ್ಟು ಮಾಡಿಸಿದರು. ಅವರ ಹೆಸರಿನ ಮಾಮೂಲಿ ಸೆಟ್ಟಿನಲ್ಲಿ ಮೂರನೇ ತಂತಿ 0.017, ಸುತ್ತಿಲ್ಲದ್ದು. ಇಡೀ ಲೋಕ ಆ ಕಡೆ ತಿರುಗಿತು. ಹಳೆಯ ಗಿಟಾರುಗಳು ಮಾತ್ರ ಹಳೆಯ ತಂತಿಯ ಲೆಕ್ಕದಲ್ಲೇ ಉಳಿದವು. ಜಾಗ್ವಾರ್ ತಯಾರಿಕೆ 1975ಕ್ಕೆ ನಿಂತಿತು, ಜಾಝ್‌ಮಾಸ್ಟರ್ 1980ಕ್ಕೆ. ಆಮೇಲೆ ಎರಡೂ ಮತ್ತೆ ಬಂದವು. ಜೊತೆಗೇ "ಇದರ ಬ್ರಿಡ್ಜ್ ಸರಿಯಿಲ್ಲ" ಎಂಬ ಮಾತೂ ಬಂತು. ತೆಳು ತಂತಿ ಹಾಕಿಕೊಂಡು ಹಾಗೆ ಹೇಳಿದರೆ ಆ ಗಿಟಾರಿಗೆ ಅನ್ಯಾಯ. ನನಗೆ ಈಗಲೂ ಬೇಜಾರಾಗುತ್ತದೆ.

ಆ ಹಿರಿಯರು ಹೈಸ್ಕೂಲಿನಲ್ಲಿದ್ದಾಗ ಬಾಲ್ಬೋವಾದ ರಾಂಡೆವೂ ಬಾಲ್‌ರೂಮಿಗೆ ಹೋಗುತ್ತಿದ್ದರಂತೆ. ಡಿಕ್ ಡೇಲ್ 1961ರಿಂದ ವಾರಾಂತ್ಯಗಳಲ್ಲಿ ನುಡಿಸುತ್ತಿದ್ದ ಜಾಗ. ಸಾವಿರಾರು ಹುಡುಗ ಹುಡುಗಿಯರು ಸೇರಿ ಮರದ ನೆಲವನ್ನು ಕಾಲಲ್ಲಿ ಬಡಿದು ಕುಣಿಯುತ್ತಿದ್ದರು. ಗಿಟಾರಿನ ಸದ್ದು ಕಿವಿಗಿಂತ ಮುಂಚೆ ಅಂಗಾಲಿಗೆ ಗೊತ್ತಾಗುತ್ತಿತ್ತು ಎಂದರು. ಇದನ್ನು ಹೇಳುವಾಗ ಚಪ್ಪಲಿ ಕಾಲಲ್ಲಿ ಗ್ಯಾರೇಜಿನ ಸಿಮೆಂಟು ನೆಲವನ್ನು ಎರಡು ಸಲ ಬಡಿದರು. ಕಟ್ಟಡ 1966ರಲ್ಲಿ ಸುಟ್ಟುಹೋಯಿತು. ನಾನು ಹೋಗಿ ನೋಡಿ ಬಂದೆ, ಈಗ ಅಲ್ಲಿ ಮನೆಗಳಿವೆ, ನೆನಪಿಗೆ ಒಂದು ಫಲಕ ಇದೆ. ಫಲಕದ ಪಕ್ಕ ನಿಂತರೆ ಅಲೆಯ ಸದ್ದು ಕೇಳುತ್ತದೆ.

ಬೇರೆ ಗಿಟಾರುಗಳು

ಹಾಗಾದರೆ ಜಾಝ್‌ಮಾಸ್ಟರೇ ಬೇಕಾ? ಇಲ್ಲ. ಸರ್ಫ್ ಗಿಟಾರಿನ ರಾಜ ಅಂತ ಎಲ್ಲರೂ ಕರೆದ ಡಿಕ್ ಡೇಲ್ ಜೀವನಪೂರ್ತಿ ನುಡಿಸಿದ್ದು ಸ್ಟ್ರಾಟೋಕ್ಯಾಸ್ಟರ್. ನಾನು ಎರಡು ವರ್ಷ ಬೈದುಕೊಂಡ ಅದೇ ಮಾದರಿ. ಅವರ ದಪ್ಪ ತಂತಿ ಹತ್ತಿರ ಹತ್ತಿರ 0.060 ಇಂಚು. ಎಡಗೈಯವರು, ತಂತಿ ಕ್ರಮ ಬದಲಿಸದೆ ತಲೆಕೆಳಗಾಗಿ ನುಡಿಸುತ್ತಿದ್ದರು, ದಪ್ಪ ತಂತಿ ಕೆಳಗೆ ಬರುತ್ತಿತ್ತು. ಅವರ ಏಟಿಗೆ ಆಂಪುಗಳು, ಅಂದರೆ ಗಿಟಾರಿನ ದನಿ ದೊಡ್ಡದು ಮಾಡುವ ಪೆಟ್ಟಿಗೆಗಳು, ಸುಟ್ಟು ಹೋಗುತ್ತಿದ್ದವು. ಕೊನೆಗೆ ಲಿಯೋ ಫೆಂಡರ್ ಅವರಿಗಾಗಿಯೇ ಜೋರು ಆಂಪ್ ಮಾಡಿಸಿದರು. ಅದರಿಂದಲೇ ಶೋಮನ್ ಆಂಪ್ ಹುಟ್ಟಿದ್ದು, 15 ಇಂಚಿನ ಸ್ಪೀಕರ್ ಜೊತೆ. ಮನೆಯಲ್ಲಿ ಸ್ಟ್ರಾಟ್ ಇದ್ದರೆ ಮೊದಲು ದಪ್ಪ ತಂತಿ ಹಾಕಿ ನೋಡಿ. ನನ್ನ ಸ್ಟ್ರಾಟಿಗೆ 12ರ ಸೆಟ್ಟು ಹಾಕಿದ ದಿನ ಅದು ಹೊಸ ಗಿಟಾರಾಯಿತು.

ಜಾಗ್ವಾರ್ ಜಾಝ್‌ಮಾಸ್ಟರಿನ ತಂಗಿ ಇದ್ದ ಹಾಗೆ. ತಂತಿಯ ಉದ್ದ 24 ಇಂಚು, ಜಾಝ್‌ಮಾಸ್ಟರ್ ಮತ್ತು ಸ್ಟ್ರಾಟ್‌ನಲ್ಲಿ 25.5. ಉದ್ದ ಕಮ್ಮಿ ಆದಷ್ಟೂ ತಂತಿ ಸಡಿಲ, ಹಾಗಾಗಿ ಜಾಗ್ವಾರಿಗೆ ಇನ್ನೂ ದಪ್ಪ ಬೇಕು. ಚಿಕ್ಕ ಕೈಯವರಿಗೆ ಒಳ್ಳೆಯದು. ದನಿ ಹೆಚ್ಚು ಚೂಪು, ಹುಣಸೆಹಣ್ಣು ಜಾಸ್ತಿಯಾದ ಸಾರಿನ ಹಾಗೆ. ತಂತಿಯ ಮಿಡಿತ ಹಿಡಿಯುವ ಪಿಕಪ್ ಸುತ್ತ ಹಲ್ಲಿನಂಥ ಲೋಹದ ಪಟ್ಟಿ ಇರುತ್ತದೆ. ಹಳೆಯ ಜಾಗ್ವಾರಿನಲ್ಲಿ ತಂತಿಗೆ ಸ್ಪಂಜು ಒತ್ತಿ ದನಿ ಅಡಗಿಸುವ ಒಂದು ತಟ್ಟೆಯೂ ಇರುತ್ತದೆ. ಟುಕುಟುಕು ಸದ್ದಿಗೆ ಅಂತ ಮಾಡಿದ್ದು. ನಾನು ಅಂಗೈ ಅಂಚು ಇಡುತ್ತೇನೆ, ಅಷ್ಟೇ ಸಾಕು. ಜಾಝ್‌ಮಾಸ್ಟರಿನ ಪಿಕಪ್ ಅಗಲ, ಚಪ್ಪಟೆ. ದನಿಯಲ್ಲಿ ಹೊಟ್ಟೆ ಇದೆ. 'ಪೈಪ್‌ಲೈನ್' ಥರದ ಗಂಭೀರ ಕೃತಿ ನುಡಿಸುವುದಾದರೆ ನನ್ನ ಮನಸ್ಸು ಅದರ ಕಡೆಗೇ.

ಮಾಸ್‌ರೈಟ್ ಬಗ್ಗೆ ಕೇಳುವವರು ಇರುತ್ತಾರೆ. ವಾಷಿಂಗ್ಟನ್ ರಾಜ್ಯದ ದಿ ವೆಂಚರ್ಸ್ ತಂಡ 1963ರಿಂದ ಅದನ್ನು ಹಿಡಿದು ಅದಕ್ಕೆ ಹೆಸರು ತಂದಿತು. ಜಪಾನಿನಲ್ಲಿ ಇವತ್ತಿಗೂ ಅದಕ್ಕೆ ಪೂಜೆ. ಹಳೆಯದರ ಬೆಲೆ ನಮ್ಮ ಕೈಗೆ ಎಟುಕಲ್ಲ. ಮೊದಲ ಗಿಟಾರಿಗೆ ಅದನ್ನು ಯೋಚಿಸುವುದು ಬೇಡ.

ಬಣ್ಣದ ಬಗ್ಗೆ ಒಂದು ಮಾತು. ಆ ಕಾಲದಲ್ಲಿ ಫೆಂಡರ್‌ನವರು ಡ್ಯುಪಾಂಟ್ ಕಂಪನಿಯ ಕಾರಿನ ಬಣ್ಣಗಳನ್ನೇ ಗಿಟಾರಿಗೆ ಹೊಡೆಯುತ್ತಿದ್ದರು. ಬೇಕಾದ ಬಣ್ಣ ಆರಿಸಿದರೆ 5 ಶೇಕಡ ಜಾಸ್ತಿ ಕೊಡಬೇಕಿತ್ತು. ಒಂದು ಬಣ್ಣದ ಹೆಸರೇ ಸರ್ಫ್ ಗ್ರೀನ್. ಎಳೆ ಬಾಳೆಎಲೆಗೆ ಹಾಲು ಬೆರೆಸಿದ ಹಾಗೆ ಇರುತ್ತದೆ. ಬಣ್ಣ ನೋಡಿ ಗಿಟಾರ್ ಕೊಂಡರೆ ತಪ್ಪಿಲ್ಲ ಅಂತ ನನ್ನ ಅಭಿಪ್ರಾಯ. ಕಣ್ಣಿಗೆ ಇಷ್ಟವಾದದ್ದನ್ನು ಕೈ ದಿನಾ ಎತ್ತಿಕೊಳ್ಳುತ್ತದೆ.

ಬಾವಿಯೊಳಗಿನ ತೊಟ್ಟು

ದುಡ್ಡೆಲ್ಲ ಗಿಟಾರಿಗೇ ಸುರಿಯಬೇಡಿ. ಸರ್ಫ್ ದನಿಯಲ್ಲಿ ಗಿಟಾರಿನಷ್ಟೇ ಮುಖ್ಯ ರಿವರ್ಬ್, ಅಂದರೆ ದನಿಗೆ ಮಾರ್ದನಿ ಸೇರಿಸುವ ಸಾಧನ. ಒಂದು ತಗಡಿನ ಡಬ್ಬಿ, ಒಳಗೆ ಉದ್ದನೆಯ ಸ್ಪ್ರಿಂಗುಗಳು. ಗಿಟಾರಿನ ಸಿಗ್ನಲ್ ಒಂದು ತುದಿಯಲ್ಲಿ ಸ್ಪ್ರಿಂಗನ್ನು ಅಲುಗಿಸುತ್ತದೆ, ಆ ನಡುಕ ಓಡಿ ಇನ್ನೊಂದು ತುದಿಗೆ ಹೋಗಿ, ಬಡಿದು, ವಾಪಸ್ ಬರುತ್ತದೆ. ಫೆಂಡರ್ ಇದನ್ನು ಪ್ರತ್ಯೇಕ ಪೆಟ್ಟಿಗೆಯಾಗಿ 1961ರಲ್ಲಿ ತಂದರು. ಮೂರೇ ಗುಂಡಿ: ಡ್ವೆಲ್, ಮಿಕ್ಸರ್, ಟೋನ್. ವಿಶೇಷ ಏನೆಂದರೆ ಡೇಲ್ ಅವರ ಮೊದಲ ಹಿಟ್ 'ಲೆಟ್ಸ್ ಗೋ ಟ್ರಿಪ್ಪಿನ್', 1961ರದ್ದು, ಅದರಲ್ಲಿ ಈ ರಿವರ್ಬ್ ಇಲ್ಲ. ಅವರು ರಿವರ್ಬ್ ಕೇಳಿದ್ದೂ ಮೊದಲು ತಮ್ಮ ಹಾಡುವ ದನಿಗಾಗಿ.

ಚಿಕ್ಕವರಿದ್ದಾಗ ಅಜ್ಜಿ ಮನೆ ತೋಟದ ಬಾವಿಗೆ ಸಣ್ಣ ಕಲ್ಲು ಹಾಕುತ್ತಿದ್ದೆವು. ಮೊದಲು 'ತೊಟಕ್' ಅನ್ನುತ್ತಿತ್ತು, ಆಮೇಲೆ ಗೋಡೆಯಿಂದ ಗೋಡೆಗೆ ತಾಗಿ ಒಂದು ಗುಂಯ್. ಸ್ಪ್ರಿಂಗ್ ರಿವರ್ಬಿನ ಮೇಲೆ ಗಟ್ಟಿಯಾಗಿ, ಗಿಡ್ಡಗೆ ಮೀಟಿದರೆ ಅದೇ ತೊಟಕ್ ಬರುತ್ತದೆ. ಇಲ್ಲಿಯವರೂ ಅದನ್ನು ನೀರಿನ ತೊಟ್ಟಿಗೇ ಹೋಲಿಸಿ ಡ್ರಿಪ್ ಅನ್ನುತ್ತಾರೆ. ಆ ತೊಟ್ಟು ಬರಬೇಕಾದರೆ ಏಟು ಚೂಪಾಗಿರಬೇಕು. ಮತ್ತೆ ತಂತಿಯ ಮಾತಿಗೇ ಬಂದೆವು ನೋಡಿ. ರಬ್ಬರಿನ ಹಾಗೆ ಆಡುವ ತಂತಿಯಿಂದ ಚೂಪು ಏಟು ಬರಲ್ಲ. ಪ್ರತ್ಯೇಕ ಪೆಟ್ಟಿಗೆ ಗಿಟಾರಿಗೂ ಆಂಪಿಗೂ ನಡುವೆ ಕೂರುತ್ತದೆ. ತೊಟ್ಟು ಬಿದ್ದ ದನಿಯೇ ಇಡೀ ಆಂಪಿನ ಒಳಗೆ ಹಾದು ಬರುತ್ತದೆ. ಆಂಪಿನೊಳಗೇ ಇರುವ ರಿವರ್ಬ್ ಇದಕ್ಕಿಂತ ಮೆತ್ತಗೆ. ಪೆಟ್ಟಿಗೆ ದುಬಾರಿ ಆದರೆ ಅದನ್ನು ಅನುಕರಿಸುವ ಪೆಡಲುಗಳಿವೆ, ಶುರುವಿಗೆ ಸಾಕು. ಆಂಪ್ ಸ್ವಚ್ಛವಾಗಿ ಕೇಳಬೇಕು, ಒಡಕು ದನಿ ಬೇಡ.

ಅಂಗಡಿಗೆ ಹೋಗುವಾಗ

ಮಾರನೇ ದಿನ ನಾನೇ ಅವನಿಗೆ ಫೋನ್ ಮಾಡಿದೆ. "ಅತ್ತೆ, ಜಾಝ್‌ಮಾಸ್ಟರ್ ಅಂದ್ರಲ್ಲ, ಬೆಂಗಳೂರಲ್ಲಿ ನೋಡಿಟ್ಟಿದೀನಿ" ಎಂದ. "ಸ್ವಲ್ಪ ತಡಿ ಕಣೋ" ಎಂದೆ. ಫೆಂಡರ್‌ನವರದೇ ಕಡಿಮೆ ಬೆಲೆಯ ಬ್ರ್ಯಾಂಡ್ ಸ್ಕ್ವಯರ್‌ನ ಕ್ಲಾಸಿಕ್ ವೈಬ್ ಸಾಲಿನಲ್ಲಿ ಜಾಝ್‌ಮಾಸ್ಟರ್, ಜಾಗ್ವಾರ್ ಎರಡೂ ಬಂದಿವೆ, ಅವನ ದುಡ್ಡಿಗೆ ಹೊಂದುತ್ತವೆ. ಯಾವುದಾದರೂ ಸರಿ. ಆದರೆ ಹೋಗುವಾಗ ಜೇಬಿನಲ್ಲಿ ಒಂದು ದಪ್ಪ ಸೆಟ್ಟು ಇಟ್ಟುಕೊಂಡು ಹೋಗು ಎಂದೆ. 11ರದ್ದಾದರೂ ಇರಲಿ, 12ರದ್ದಾದರೆ ಒಳ್ಳೆಯದು, ಮೂರನೇ ತಂತಿಗೆ ಸುತ್ತು ಇರಬೇಕು. ದಪ್ಪ ತಂತಿ ಹಾಕಿದಾಗ ಕತ್ತಿನ ಕಂಬಿ ಸರಿಮಾಡಬೇಕಾಗುತ್ತದೆ. ಕತ್ತಿನ ಮೇಲ್ತುದಿಯಲ್ಲಿ ತಂತಿ ಹಾಯುವ ಪಟ್ಟಿಯ, ಅಂದರೆ ನಟ್‌ನ, ಗಾಡಿಗಳನ್ನೂ ಸ್ವಲ್ಪ ಅರದಿಂದ ಅಗಲ ಮಾಡಬೇಕು. ಕೆಲಸ ಗೊತ್ತಿದ್ದವರ ಕೈಯಲ್ಲೇ ಮಾಡಿಸು. ಅಷ್ಟಾದ ಮೇಲೂ ತಂತಿ ಹಾರಿದರೆ, ಕತ್ತು ಕೂರುವ ಜಾಗದಲ್ಲಿ ತೆಳುವಾದ ಒಂದು ಚೂರು ಇಟ್ಟು ಓರೆ ಜಾಸ್ತಿ ಮಾಡಬಹುದು. ಆಗ ಬ್ರಿಡ್ಜ್ ಎತ್ತರವಾಗುತ್ತದೆ, ತಂತಿ ಚೆನ್ನಾಗಿ ಒತ್ತಿ ಕೂರುತ್ತದೆ. ಅದಕ್ಕೂ ಬಗ್ಗದಿದ್ದರೆ ಮಸ್ಟಾಂಗ್ ಬ್ರಿಡ್ಜ್. ತಂತಿಗೊಂದೇ ಆಳವಾದ ಗಾಡಿ ಇರುವಂಥದ್ದು, ಅದೇ ಗುಳಿಗಳಲ್ಲಿ ಕೂರುತ್ತದೆ.

ಪರೀಕ್ಷೆ ಹೇಗೆ ಮಾಡಲಿ ಎಂದು ಕೇಳಿದ. ಅವನಿಗೆ ಸಂಗೀತದ ಪಾಠ ಆಗಿಲ್ಲ. ಹಾಗಾಗಿ ಅಂಕಿಯಲ್ಲೇ ಹೇಳಿದೆ. ಅತಿ ದಪ್ಪ ತಂತಿ ಒಂದೇ ಸಾಕು. ತೆರೆದ ತಂತಿ ಸ. ಮೊದಲನೇ ಮನೆ (ಫ್ರೆಟ್) ರಿ, 4ನೇದು ಗ, 5 ಮ, 7 ಪ, 8 ಧ, 11 ನಿ, 12 ಮೇಲಿನ ಸ. ಪ್ರತಿ ಸ್ವರಕ್ಕೂ ಎರಡು ಏಟು, ಒಂದು ಕೆಳಕ್ಕೆ, ಒಂದು ಮೇಲಕ್ಕೆ. ಮೇಲಕ್ಕೆ ಬರುವ ಏಟು ಎಲ್ಲರ ಕೈಯಲ್ಲೂ ಸೊರಗುತ್ತದೆ, ಅದನ್ನು ಬಿಡಬೇಡ. ಮೊದಲು ನಿಧಾನ, ಆಮೇಲೆ ಅದರ ಎರಡರಷ್ಟು, ಆಮೇಲೆ ನಾಲ್ಕರಷ್ಟು. ಮೂರನೇ ಕಾಲದಲ್ಲಿ ನಿನಗೆಷ್ಟು ಆಗುತ್ತೋ ಅಷ್ಟು ಜೋರಾಗಿ ಹೊಡಿ. ತಂತಿ ತನ್ನ ಗಾಡಿಯಲ್ಲೇ ಕೂತಿರಬೇಕು. ಸ್ವರ ಮೇಲೆ ಹೋಗಿ ಇಳಿಯಬಾರದು. ಕೊನೆಯ ಸ ಹಿಡಿದು ಕಡ್ಡಿ ಒತ್ತಿ ಬಿಡು, ಮತ್ತೆ ಶ್ರುತಿಗೆ ಬಂತಾ ನೋಡು.

ಕಳೆದ ಭಾನುವಾರ ವಾಟ್ಸಾಪಿನಲ್ಲಿ ಒಂದು ದನಿ ಬಂತು. ಬೆಂಗಳೂರಿನ ಅಂಗಡಿಯಿಂದಲೇ ಕಳಿಸಿದ್ದ. ಕೊನೆಗೆ ಅವನ ಕೈ ಒಪ್ಪಿದ್ದು ಜಾಗ್ವಾರನ್ನು. ಸಸ ರಿರಿ ಗಗ ಮಮ. ಮೊದಲನೇ ಕಾಲ ಚೆನ್ನಾಗಿತ್ತು. ಎರಡನೆಯದರಲ್ಲಿ ಗಾಂಧಾರಕ್ಕೆ ಹಾರುವಾಗ ಕೈ ಒಮ್ಮೆ ತಡವರಿಸಿತು, ಆ ಮೂರು ಮನೆ ದೂರ ಎಲ್ಲರನ್ನೂ ಕಾಡುತ್ತದೆ. ಮೂರನೆಯದರಲ್ಲಿ ಅವನು ನಿಜವಾಗಿ ಹೊಡೆದ. ಯಾರೋ ಪಕ್ಕದಲ್ಲಿ ರಿವರ್ಬ್ ಗುಂಡಿ ತಿರುಗಿಸಿದರು, ತೊಟಕ್ ತೊಟಕ್ ಅಂತ ಬಾವಿ ತೆರೆದುಕೊಂಡಿತು. ತಂತಿ ಹಾರಲಿಲ್ಲ. ಹಿಂದಿನಿಂದ ಅಂಗಡಿಯವರ ದನಿ ಕೇಳಿಸಿತು, "ಕರ್ನಾಟಿಕ್ ಕಲ್ತಿದೀರಾ?" ಅವನು ನುಡಿಸುತ್ತಲೇ "ಇಲ್ಲ ಸಾರ್, ನಮ್ಮತ್ತೆ ಫೋನಲ್ಲಿ ಹೇಳ್ಕೊಟ್ರು" ಎಂದ. ಮೇಲಿನ ಏಟು ಇನ್ನೂ ಸ್ವಲ್ಪ ಸೊರಗುತ್ತಿದೆ. ಇವತ್ತು ರಾತ್ರಿ ಫೋನ್ ಮಾಡಿ ಹೇಳಬೇಕು.